ಪ್ರೊಸೆಸರ್‌ನ ಬಿಸಿ ಎಲ್ಲಿ ಸಿಕ್ಕಿಕೊಂಡಿದೆ?

ಕಂಪ್ಯೂಟರ್ ವಿಪರೀತ ಬಿಸಿಯಾಗುತ್ತಿದೆ ಎಂದು ಗೊತ್ತಾದ ಕೂಡಲೇ ಹೆಚ್ಚಿನವರ ಕೈ ಜೇಬಿಗೆ ಹೋಗುತ್ತದೆ. ಇನ್ನೂ ದೊಡ್ಡ ಕೂಲರ್, ಇನ್ನೆರಡು ಫ್ಯಾನ್, ದುಡ್ಡಿದ್ದವರಿಗೆ ನೀರಿನ ಕೂಲಿಂಗ್. ತಂದು ಹಾಕಿದ ಮೇಲೆ ಐದಾರು ಡಿಗ್ರಿ ಇಳಿದರೆ ಇಳಿಯಿತು, ಇಲ್ಲದಿದ್ದರೆ ಇಲ್ಲ. ಯಾಕೆ ಹಾಗಾಯಿತು ಎಂಬುದು ಮಾತ್ರ ತಿಳಿಯುವುದಿಲ್ಲ. ನಾನು ಹೇಳಹೊರಟಿರುವುದು ಅದಕ್ಕೂ ಹಿಂದಿನ ಹೆಜ್ಜೆಯ ಬಗ್ಗೆ. ಪ್ರೊಸೆಸರ್‌ನಿಂದ ಕೋಣೆಯ ಗಾಳಿಗೆ ಶಾಖ ಹೋಗುವ ದಾರಿಯಲ್ಲಿ ಅದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಮೊದಲು ಪತ್ತೆ ಮಾಡಬೇಕು. ಅದು ಗೊತ್ತಾದರೆ ಎಷ್ಟೋ ಸಲ ಒಂದು ಸ್ಕ್ರೂಡ್ರೈವರ್, ಚೂರು ಪೇಸ್ಟ್, ಒಂದು ರಟ್ಟಿನ ತುಂಡಿನಲ್ಲಿ ಕೆಲಸ ಮುಗಿಯುತ್ತದೆ.

ಪ್ರೊಸೆಸರ್ ಎಳೆದುಕೊಂಡ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 65 ವ್ಯಾಟ್ ಒಳಗೆ ಹೋದರೆ 65 ವ್ಯಾಟ್ ಶಾಖ ಹೊರಗೆ ಬರಲೇಬೇಕು. 2004ರಲ್ಲಿ ಬಂದ ಇಂಟೆಲ್‌ನ ‘ಪ್ರೆಸ್ಕಾಟ್’ ಪೆಂಟಿಯಂ 4 ಮಾದರಿಗಳಲ್ಲಿ ಕೆಲವು 115 ವ್ಯಾಟ್ ಮುಟ್ಟಿದಾಗ ಜನ ಹೌಹಾರಿದ್ದರು. 2022ರ ಕೋರ್ ಐ9-13900ಕೆ ಪೂರ್ಣ ವೇಗದಲ್ಲಿ 253 ವ್ಯಾಟ್‌ವರೆಗೆ ಎಳೆಯಬಹುದು ಎಂದು ಇಂಟೆಲ್ಲೇ ಹೇಳುತ್ತದೆ. ಅಷ್ಟೂ ಶಾಖ ಹುಟ್ಟುವುದು ಸುಮಾರು ಎರಡೂವರೆ ಚದರ ಸೆಂಟಿಮೀಟರ್‌ನ ಸಿಲಿಕಾನ್ ಚೂರಿನಲ್ಲಿ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ಅದರ ವೋಲ್ಟೇಜನ್ನೂ ಇಳಿಸಬಹುದು, ಹಾಗಾಗಿ ಅದೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಬಿಸಿ ಏರದು ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಮೂರು ದಶಕ ಆ ಲೆಕ್ಕ ನಡೆಯಿತು. 2005ರ ಆಸುಪಾಸಿಗೆ ವೋಲ್ಟೇಜ್ ಇನ್ನಷ್ಟು ಇಳಿಸಿದರೆ ಆಫ್ ಆಗಿರುವ ಟ್ರಾನ್ಸಿಸ್ಟರ್‌ನಿಂದಲೂ ಕರೆಂಟ್ ಸೋರುವ ಹಂತ ಬಂತು. ಅಲ್ಲಿಂದೀಚೆಗೆ ವೇಗಕ್ಕಿರುವ ಮುಖ್ಯ ತಡೆಗಳಲ್ಲಿ ಶಾಖವೂ ಒಂದಾಗಿದೆ.

ಎಷ್ಟು ಬಿಸಿಯಾದರೆ ಹೆಚ್ಚು? ಇಂಟೆಲ್‌ನ ಈಚಿನ ಬಹುಪಾಲು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ರೈಜನ್ 7000 ಸಾಲಿನಲ್ಲಿ ಹೆಚ್ಚಿನವಕ್ಕೆ 95. ಆ ಗೆರೆ ಮುಟ್ಟಿದ ಮೇಲೆ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಈ ಕಾವಲು ಮೊದಲಿನಿಂದ ಇರಲಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಓಡುತ್ತಿದ್ದ ಕಂಪ್ಯೂಟರಿನ ಪ್ರೊಸೆಸರ್ ಮೇಲಿಂದ ಕೂಲರನ್ನೇ ಕಿತ್ತು ಚಿತ್ರೀಕರಿಸಿದಾಗ ಪೆಂಟಿಯಂ 4 ವೇಗ ಇಳಿಸಿಕೊಂಡು ಬದುಕಿತು, ಎಎಂಡಿಯ ಅಥ್ಲಾನ್ ಸುಟ್ಟುಹೋಯಿತು. ಈಗ ಯಾವುದೂ ಹಾಗೆ ಸುಡುವುದಿಲ್ಲ. ಪೂರ್ತಿ ಹೊರೆಯಲ್ಲಿ 75–80 ಡಿಗ್ರಿ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಆದರೂ ಇಳಿಸುವುದರಲ್ಲಿ ಅರ್ಥವಿದೆ: ವೇಗ ಕುಸಿಯುವುದಿಲ್ಲ, ಫ್ಯಾನ್ ಕಿರುಚುವುದಿಲ್ಲ, ಸುತ್ತಲಿನ ಕೆಪಾಸಿಟರ್‌ಗಳು ಹೆಚ್ಚು ಕಾಲ ಬಾಳುತ್ತವೆ. ತಂಪಾದ ಚಿಪ್ಪಿನಲ್ಲಿ ಕರೆಂಟ್ ಸೋರಿಕೆಯೂ ಕಡಿಮೆ, ಅಂದರೆ ಅದೇ ಕೆಲಸಕ್ಕೆ ತುಸು ಕಡಿಮೆ ವಿದ್ಯುತ್ ಸಾಕು.

ಮೊದಲು ಅಳತೆ

ಶಾಖ ಮೂರು ಹಂತ ದಾಟಬೇಕು. ಚಿಪ್ಪಿನಿಂದ ಅದರ ಮೇಲೆ ಕೂರುವ ಲೋಹದ ದಿಮ್ಮಿಯ, ಅಂದರೆ ಹೀಟ್‌ಸಿಂಕ್‌ನ ತಳಕ್ಕೆ ಒಂದು, ಹೀಟ್‌ಸಿಂಕ್‌ನ ರೆಕ್ಕೆಗಳಿಂದ ಕ್ಯಾಬಿನೆಟ್ ಒಳಗಿನ ಗಾಳಿಗೆ ಎರಡು, ಆ ಗಾಳಿಯಿಂದ ಹೊರಗಿನ ಕೋಣೆಗೆ ಮೂರು. ಪ್ರತಿ ಹಂತದಲ್ಲೂ ಇಷ್ಟಿಷ್ಟು ಡಿಗ್ರಿ ಸೇರುತ್ತಾ ಹೋಗುತ್ತದೆ. ಗದ್ದೆಗೆ ನೀರು ಹಾಯಿಸುವ ಕಾಲುವೆಯ ಬಾಯಲ್ಲೇ ಮಣ್ಣಿನ ಹೆಂಟೆ ಕೂತಿದ್ದರೆ, ಕೊನೆಯಲ್ಲಿ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ಗದ್ದೆ ನೆನೆಯುವುದಿಲ್ಲ. ಮೊದಲ ಹಂತದಲ್ಲಿ ತಡೆಯಿದ್ದಾಗ ಮೂರನೆಯದಕ್ಕೆ ಫ್ಯಾನ್ ಸೇರಿಸುವುದೂ ಅಂಥದ್ದೇ.

ತಡೆ ಎಲ್ಲಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೊ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್, ಎರಡೂ ಉಚಿತ. ಹೊರೆ ಹಾಕಲು ಸಿನೆಬೆಂಚ್ ಅಥವಾ ಪ್ರೈಮ್95. ಜೊತೆಗೆ ಗೋಡೆಗೆ ತೂಗುಹಾಕುವ ಒಂದು ಸಾದಾ ಥರ್ಮಾಮೀಟರ್. ಅದನ್ನು ಕ್ಯಾಬಿನೆಟ್ ಗಾಳಿ ಎಳೆದುಕೊಳ್ಳುವ ಜಾಗದ ಹತ್ತಿರ ಇಡಿ. ಇಪ್ಪತ್ತು ನಿಮಿಷ ಹೊರೆ ಕೊಟ್ಟು, ಚಿಪ್ಪಿನ ಡಿಗ್ರಿಯಿಂದ ಕೋಣೆಯ ಡಿಗ್ರಿಯನ್ನು ಕಳೆದು ಬರೆದಿಡಿ. ಬರೆದಿಡಬೇಕಾದದ್ದು ಈ ವ್ಯತ್ಯಾಸವನ್ನೇ. ಜನವರಿಯ ಬೆಂಗಳೂರಿನಲ್ಲಿ 70 ತೋರಿಸುವ ಕಂಪ್ಯೂಟರ್ ಮೇ ತಿಂಗಳ ರಾಯಚೂರಿನಲ್ಲಿ 84 ತೋರಿಸಿದರೆ ಅದು ಕೆಟ್ಟಿಲ್ಲ, ಕೋಣೆ 14 ಡಿಗ್ರಿ ಹೆಚ್ಚು ಬಿಸಿಯಿದೆ ಅಷ್ಟೆ. ಏನೇ ಬದಲಾವಣೆ ಮಾಡಿದರೂ ಒಂದು ಸಲಕ್ಕೆ ಒಂದೇ ಮಾಡಿ, ಮತ್ತೆ ಅಳೆಯಿರಿ.

ಈಗ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಪರೀಕ್ಷೆ ಮಾಡಿ. ವ್ಯತ್ಯಾಸ ಏಳೆಂಟು ಡಿಗ್ರಿ ಕುಸಿದರೆ ತಡೆ ಮೂರನೇ ಹಂತದಲ್ಲಿದೆ, ಪೆಟ್ಟಿಗೆಯಲ್ಲಿ ಗಾಳಿ ಓಡಾಡುತ್ತಿಲ್ಲ. ಒಂದೆರಡು ಡಿಗ್ರಿ ಮಾತ್ರ ಇಳಿದರೆ ಪೆಟ್ಟಿಗೆಯ ತಪ್ಪಿಲ್ಲ, ಒಳಗೆ ಹುಡುಕಬೇಕು. ಅಲ್ಲಿ ನೋಡಬೇಕಾದ್ದು ಏರಿಕೆಯ ರೀತಿ. ಹೊರೆ ಹಾಕಿದ ಒಂದೆರಡು ಸೆಕೆಂಡಿನಲ್ಲೇ 45ರಿಂದ 90ಕ್ಕೆ ನೆಗೆದು, ಹೊರೆ ತೆಗೆದ ತಕ್ಷಣ ದೊಪ್ಪನೆ ಇಳಿಯುತ್ತಿದ್ದರೆ ಶಾಖ ಹೀಟ್‌ಸಿಂಕ್‌ವರೆಗೆ ತಲುಪುತ್ತಲೇ ಇಲ್ಲ. ಪೇಸ್ಟ್ ಅಥವಾ ಕೂಲರ್‌ನ ಹಿಡಿತ ಕೆಟ್ಟಿದೆ. ಹತ್ತು ಹದಿನೈದು ನಿಮಿಷ ನಿಧಾನವಾಗಿ ಏರುತ್ತಾ ಹೋದರೆ ಲೋಹದ ದಿಮ್ಮಿಯೇ ಕಾದು ಕೂತಿದೆ, ಅದರಿಂದ ಗಾಳಿ ಶಾಖವನ್ನು ಕಿತ್ತುಕೊಳ್ಳುತ್ತಿಲ್ಲ. ತೆರೆ 90 ತೋರಿಸುವಾಗ, ತಿರುಗುವ ಫ್ಯಾನಿಗೆ ಬೆರಳು ತಾಗಿಸದೆ, ಹೀಟ್‌ಸಿಂಕ್‌ನ ಬುಡ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸಂಶಯವೇ ಬೇಡ, ಚಿಪ್ಪಿಗೂ ಅದಕ್ಕೂ ನಂಟು ತಪ್ಪಿದೆ.

ಪೇಸ್ಟಿನ ಲೆಕ್ಕ

ಮೊದಲ ಹಂತ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದಲೇ ತಪ್ಪು ಹೆಚ್ಚು. ಪ್ರೊಸೆಸರ್‌ನ ಲೋಹದ ಮುಚ್ಚಳ, ಹೀಟ್‌ಸಿಂಕ್‌ನ ತಳ ಎರಡೂ ನುಣುಪಾಗಿ ಕಂಡರೂ ಅವುಗಳ ನಡುವೆ ಸಣ್ಣ ಸಣ್ಣ ಗಾಳಿಯ ಗುಳಿಗಳು ಉಳಿಯುತ್ತವೆ. ಅವನ್ನು ತುಂಬಲೆಂದೇ ಪೇಸ್ಟ್ ಹಚ್ಚುವುದು. ಶಾಖ ಸಾಗಿಸುವುದರಲ್ಲಿ ಗಾಳಿ ತೀರಾ ಮೈಗಳ್ಳ. ಶಾಖವಾಹಕತೆಯ ಅಂಕಿ ತಾಮ್ರಕ್ಕೆ ಸುಮಾರು 400, ಅಲ್ಯೂಮಿನಿಯಂಗೆ 200 ದಾಟುತ್ತದೆ, ಒಳ್ಳೆಯ ಪೇಸ್ಟಿಗೆ 5ರಿಂದ 10, ಗಾಳಿಗೆ ಬರೀ 0.026. ಮುಚ್ಚಳದ ವಿಸ್ತಾರ 10 ಚದರ ಸೆಂಟಿಮೀಟರ್, ಶಾಖ 65 ವ್ಯಾಟ್ ಎಂದಿಟ್ಟುಕೊಳ್ಳೋಣ. ನಡುವೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ದಪ್ಪದ, ವಾಹಕತೆ 5ರ ಪೇಸ್ಟಿದ್ದರೆ ಅಲ್ಲಿ ಏರುವುದು ಒಂದು ಡಿಗ್ರಿಗೂ ಕಡಿಮೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ವಾಹಕತೆ 1ರ ಬಿಳಿ ಪೇಸ್ಟಾದರೂ ಮೂರು ಡಿಗ್ರಿಯ ಆಸುಪಾಸು. ಅದೇ ಬಿಳಿ ಪೇಸ್ಟನ್ನು ನಾಲ್ಕು ಪಟ್ಟು ದಪ್ಪ ಬಳಿದರೆ 13 ಡಿಗ್ರಿ. ಪೇಸ್ಟಿನ ಬದಲು ಮೊದಲಿನ ತೆಳು ಪದರದಷ್ಟೇ ದಪ್ಪದ ಗಾಳಿಯಿದ್ದರೆ ಲೆಕ್ಕ ನೂರಿಪ್ಪತ್ತು ಡಿಗ್ರಿ ದಾಟುತ್ತದೆ. ವಾಸ್ತವದಲ್ಲಿ ಶಾಖ ಮುಚ್ಚಳದ ತುಂಬ ಸಮನಾಗಿ ಹರಡುವುದಿಲ್ಲ, ನಡುವಿನ ಸಣ್ಣ ಜಾಗದಲ್ಲೇ ಒತ್ತಾಗಿ ಬರುತ್ತದೆ. ಹಾಗಾಗಿ ನಿಜವಾದ ಏರಿಕೆ ಈ ಅಂಕಿಗಳ ಕೆಲವು ಪಟ್ಟು ಇರುತ್ತದೆ. ಆದರೂ ಲೆಕ್ಕದ ಒಳಾರ್ಥ ಅದೇ: ಸಾವಿರಾರು ರೂಪಾಯಿಯ ಪೇಸ್ಟ್ ಹುಡುಕುವುದಕ್ಕಿಂತ ಇರುವ ಪೇಸ್ಟನ್ನು ತೆಳುವಾಗಿ, ಗಾಳಿ ಉಳಿಯದಂತೆ ಒತ್ತಿ ಕೂರಿಸುವುದು ಮುಖ್ಯ.

ಒತ್ತುವುದು ಎಂದಾಗ ಇಂಟೆಲ್ ಪ್ರೊಸೆಸರ್ ಜೊತೆಗೆ ಬರುವ ದುಂಡನೆಯ ಕೂಲರ್‌ನ ವಿಷಯ ಹೇಳಲೇಬೇಕು. ಅದಕ್ಕೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಪುಶ್ ಪಿನ್ ಇರುತ್ತವೆ. ನಮ್ಮ ಮನೆ, ಶಾಲೆ, ಕಚೇರಿಗಳ ಡೆಸ್ಕ್‌ಟಾಪ್‌ಗಳಲ್ಲಿ ಅತಿ ಹೆಚ್ಚು ಕಾಣುವ ಕೂಲರ್ ಇದೇ. ನಾಲ್ಕರಲ್ಲಿ ಒಂದು ಪಿನ್ ಪೂರ್ತಿ ಕೂರದಿದ್ದರೂ ಇಡೀ ಹೀಟ್‌ಸಿಂಕ್ ಒಂದು ಮಗ್ಗುಲಿಗೆ ವಾಲಿ, ಆ ಪಿನ್ನಿನ ಮೂಲೆಯಲ್ಲಿ ಸಂದು ಬಿಡುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಬಿಸಿಯಾಗುತ್ತದೆ ಎಂದು ರಿಪೇರಿಗೆ ಬರುವ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ನಾನು ಮೊದಲು ನೋಡುವುದೇ ಈ ಪಿನ್‌ಗಳನ್ನು. ಕೂರಿಸುವ ಮೊದಲು ನಾಲ್ಕೂ ಪಿನ್‌ನ ತಲೆಯನ್ನು ಲಾಕ್ ಆಗುವ ಸ್ಥಾನಕ್ಕೆ ತಿರುಗಿಸಿರಬೇಕು. ಆಮೇಲೆ ಒಂದು ಮೂಲೆ, ಅದರ ಕರ್ಣದ ಎದುರು ಮೂಲೆ, ಹೀಗೆ ಒತ್ತಬೇಕು. ಪ್ರತಿಯೊಂದಕ್ಕೂ ಟಕ್ ಎಂಬ ಸದ್ದು ಕೇಳಬೇಕು. ಮದರ್‌ಬೋರ್ಡಿನ ಹಿಂಬದಿ ಟಾರ್ಚ್ ಬಿಟ್ಟು ನೋಡಿದರೆ ನಾಲ್ಕು ಕಡೆಯೂ ಬಿಳಿ ಪ್ಲಾಸ್ಟಿಕ್ಕಿನ ಕಾಲುಗಳ ನಡುವೆ ಕಪ್ಪು ಕಡ್ಡಿ ಇಳಿದಿರುವುದು ಕಾಣಬೇಕು. ಪಿನ್ ಸವೆದು ಹಿಡಿಯದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಪಿನ್‌ಗಳನ್ನಷ್ಟೇ ಕೇಳಿ ನೋಡಿ. ಸಿಗದಿದ್ದರೆ ಬೋರ್ಡಿನ ಹಿಂದೆ ಪಟ್ಟಿ ಕೊಟ್ಟು ಸ್ಕ್ರೂ ಬಿಗಿಯುವ ಕೂಲರ್ ಹಾಕುವುದೇ ಸರಿ. ಸ್ಕ್ರೂ ಬಿಗಿಯುವುದಾದರೂ ಒಂದನ್ನು ಪೂರ್ತಿ ತಿರುಗಿಸಿ ಇನ್ನೊಂದಕ್ಕೆ ಹೋಗಬಾರದು, ಕರ್ಣವಾಗಿ ಸ್ವಲ್ಪ ಸ್ವಲ್ಪ.

ಹಳೆಯ ಪೇಸ್ಟ್ ತೆಗೆಯುವಾಗ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಆರಿಸಿ, ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ತಿರುಚಿ ಬಿಡಿಸಿ. ಎಎಂಡಿಯ ಎಎಂ4 ಬೋರ್ಡಿನಲ್ಲಿ ಇದನ್ನು ಮರೆತು ನೇರ ಮೇಲಕ್ಕೆ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದಲೇ ಕಿತ್ತುಬಂದು ತಳದ ಪಿನ್‌ಗಳು ಬಾಗುತ್ತವೆ. ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್, ನಾರು ಬಿಡದ ಬಟ್ಟೆ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ನಡುವೆ ಇಟ್ಟು ಕೂಲರ್ ಒತ್ತಿದರೆ ಸಾಕು, ಅದೇ ಹರಡಿಕೊಳ್ಳುತ್ತದೆ. ಅಗಲ ಹೆಚ್ಚಿರುವ ಪ್ರೊಸೆಸರ್‌ಗಳಿಗೆ ಎಕ್ಸ್ ಆಕಾರದಲ್ಲಿ ಹಾಕಿ. ಟೂತ್‌ಪೇಸ್ಟ್ ಹಚ್ಚಿ ತಂಪಾಯಿತು ಎನ್ನುವವರ ಮಾತು ಸುಳ್ಳಲ್ಲ. ಅದರಲ್ಲಿರುವ ನೀರು ಸಂದು ತುಂಬುವುದರಿಂದ ಮೊದಲಲ್ಲಿ ಕೆಲಸ ಮಾಡುತ್ತದೆ, ನೀರು ಆರಿದ ಮೇಲೆ ಪುಡಿ ಉಳಿಯುತ್ತದೆ. ದಯವಿಟ್ಟು ಬೇಡ.

ಹೀಟ್‌ಸಿಂಕ್‌ನ ತಳವನ್ನೇ ಉಜ್ಜಿ ಸಮತಟ್ಟು ಮಾಡುವುದು ಹಳೆಯ ಹವ್ಯಾಸಿಗಳ ಪ್ರೀತಿಯ ಕೆಲಸ. ದಪ್ಪ ಗಾಜಿನ ಮೇಲೆ, ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ಹಾಸಿ, 400ರಿಂದ ಶುರುಮಾಡಿ 800, 1200, 2000 ನಂಬರಿನವರೆಗೆ ನೀರು ಹಾಕಿ ಎಂಟರ ಆಕಾರದಲ್ಲಿ ಉಜ್ಜುತ್ತಾರೆ. ಸ್ಟೀಲ್ ಸ್ಕೇಲನ್ನು ತಳಕ್ಕೆ ಅಡ್ಡ ಹಿಡಿದು ಬೆಳಕಿಗೆ ನೋಡಿದಾಗ ನಡುವೆ ಬೆಳಕು ನುಸುಳಿದರೆ ಮಾತ್ರ ಇದರಿಂದ ಲಾಭ. ತಳ ಮೊದಲೇ ಸಮವಾಗಿದ್ದರೆ ಕನ್ನಡಿಯಂತೆ ಹೊಳೆಯಿಸಿದರೂ ಡಿಗ್ರಿ ಇಳಿಯುವುದಿಲ್ಲ.

ಇನ್ನೂ ಒಳಕ್ಕೆ ಹೋಗಿ ಪ್ರೊಸೆಸರ್‌ನ ಮುಚ್ಚಳವನ್ನೇ ಬಿಚ್ಚುವವರಿದ್ದಾರೆ. 2012ರ ಐವಿ ಬ್ರಿಡ್ಜ್‌ನಿಂದ ಇಂಟೆಲ್ ತನ್ನ ಸಾಮಾನ್ಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಚಿಪ್ಪಿಗೂ ಮುಚ್ಚಳಕ್ಕೂ ನಡುವೆ ಬೆಸುಗೆಯ ಬದಲು ಪೇಸ್ಟ್ ಹಾಕತೊಡಗಿತು. ಅದನ್ನು ತೆಗೆದು ದ್ರವಲೋಹ ಹಚ್ಚಿದವರಿಗೆ ಹತ್ತಿಪ್ಪತ್ತು ಡಿಗ್ರಿಯ ಲಾಭ ಸಿಗುತ್ತಿತ್ತು. 2018ರ ಐ9-9900ಕೆಯಿಂದ ಬೆಸುಗೆ ಮರಳಿದ ಮೇಲೆ ಆ ಲಾಭ ಬಹಳ ಕಡಿಮೆಯಾಗಿದೆ, ಅಪಾಯ ಮಾತ್ರ ಹಾಗೇ ಇದೆ. ದ್ರವಲೋಹದಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಒಳಗೆ ಇಳಿದು ಅದನ್ನು ಪುಡಿಪುಡಿ ಮಾಡುತ್ತದೆ. ತಳ ಅಲ್ಯೂಮಿನಿಯಂ ಆಗಿರುವ ಹೀಟ್‌ಸಿಂಕ್‌ಗೆ ಅದನ್ನು ಹಚ್ಚಲೇಬಾರದು. ಒಂದು ಹನಿ ಬೋರ್ಡಿಗೆ ಜಾರಿದರೂ ಶಾರ್ಟ್.

ರೆಕ್ಕೆ ಮತ್ತು ಫ್ಯಾನ್

ಎರಡನೇ ಹಂತದ ಮುಖ್ಯ ಶತ್ರು ಧೂಳು. ಫ್ಯಾನನ್ನು ಬಿಚ್ಚದೆ ಮೇಲಿಂದ ಬ್ಲೋವರ್ ಹಿಡಿದರೆ ಅದು ಹೋಗುವುದಿಲ್ಲ. ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಕಂಬಳಿಯಂಥ ಪದರ ಕೂತಿರುತ್ತದೆ, ಫ್ಯಾನ್ ಕಳಚಿ ಅದನ್ನು ಕೈಯಲ್ಲೇ ಎತ್ತಿ ತೆಗೆಯಬೇಕು. ಬ್ಲೋವರ್ ಬಳಸುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ, ಮೋಟಾರು ಜನರೇಟರ್ ಆಗಿ ಬೋರ್ಡಿಗೆ ಕರೆಂಟ್ ತಳ್ಳುವುದೂ ಉಂಟು.

ಕೂಲರ್ ಬದಲಿಸಲೇಬೇಕಾದರೆ ಹೀಟ್ ಪೈಪ್ ಇರುವ ಟವರ್ ಮಾದರಿ ನೋಡಿ. ತಾಮ್ರದ ಆ ಕೊಳವೆ ಗಟ್ಟಿ ಸಲಾಕೆಯಲ್ಲ. ಒಳಗೆ ಗಾಳಿ ತೆಗೆದು ಸ್ವಲ್ಪ ನೀರು ತುಂಬಿರುತ್ತಾರೆ; ಒತ್ತಡ ಕಡಿಮೆಯಿರುವುದರಿಂದ ನೀರು ಕಡಿಮೆ ಬಿಸಿಯಲ್ಲೇ ಆವಿಯಾಗಿ ಮೇಲೇರುತ್ತದೆ, ರೆಕ್ಕೆಗಳ ಬಳಿ ತಣಿದು ಮತ್ತೆ ನೀರಾಗಿ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ವಾಪಸು ಹೀರಿಕೊಳ್ಳಲ್ಪಡುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನು ಮಾಡಿ ತೋರಿಸಿದರು, ಬಾಹ್ಯಾಕಾಶದ ಕೆಲಸಗಳಿಗೆಂದು. ಕೊಳವೆ ಟೊಳ್ಳಾಗಿರುವುದರಿಂದ ಪಕ್ಕದ ರ್‍ಯಾಮ್‌ಗೆ ತಾಗುತ್ತದೆ ಎಂದು ಪೈಪನ್ನು ಬಗ್ಗಿಸಬೇಡಿ, ತೂತು ಕೊರೆಯಬೇಡಿ. ಒಮ್ಮೆ ಗಾಳಿ ಒಳಹೊಕ್ಕರೆ ಅದು ಬರೀ ಖಾಲಿ ಕೊಳವೆ.

ಹಳೆಯ ಹೀಟ್‌ಸಿಂಕ್ ಚೆನ್ನಾಗಿದ್ದು ಫ್ಯಾನ್ ಮಾತ್ರ ಸದ್ದು ಮಾಡುತ್ತಿದ್ದರೆ, ಅದನ್ನು ತೆಗೆದು 92 ಅಥವಾ 120 ಮಿಲಿಮೀಟರಿನ ಫ್ಯಾನನ್ನು ಕೇಬಲ್ ಟೈಗಳಿಂದ ಬಿಗಿಯಬಹುದು. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಅದಕ್ಕೆ ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ, ಸದ್ದೂ ಬಹಳಷ್ಟು ಅಡಗುತ್ತದೆ. ಒಂದು ಕಿರುಚುವ ಫ್ಯಾನಿಗಿಂತ ಎರಡು ನಿಧಾನದ ಫ್ಯಾನ್ ಮೇಲು ಎನ್ನುವುದು ಇದಕ್ಕೇ. ಕಚೇರಿಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಫ್ಯಾನಿನ ಕನೆಕ್ಟರ್ ಬೇರೆ ಥರ ಇರುವುದುಂಟು, ಕೊಳ್ಳುವ ಮುನ್ನ ಬಿಚ್ಚಿ ನೋಡಿ.

ಪೆಟ್ಟಿಗೆಯೊಳಗಿನ ಗಾಳಿ

ಒಂದು ಲೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಜೂಲ್ ಶಾಖ ಬೇಕು. ಅಂದರೆ ಪೆಟ್ಟಿಗೆಯ ಮೂಲಕ ಸೆಕೆಂಡಿಗೆ 20 ಲೀಟರ್ ಗಾಳಿ ಹಾದುಹೋದರೆ ಪ್ರತಿ ಡಿಗ್ರಿಗೆ 24 ವ್ಯಾಟ್ ಹೊತ್ತೊಯ್ಯುತ್ತದೆ. ಒಳಗೆ ಒಟ್ಟು 200 ವ್ಯಾಟ್ ಶಾಖ ಹುಟ್ಟುತ್ತಿದ್ದರೆ ಒಳಗಿನ ಗಾಳಿ ಕೋಣೆಗಿಂತ ಎಂಟು ಡಿಗ್ರಿ ಹೆಚ್ಚಿರುತ್ತದೆ. ಗಾಳಿಯನ್ನು ಇಮ್ಮಡಿ ಮಾಡಿದರೆ ನಾಲ್ಕು. ಇನ್ನೂ ಇಮ್ಮಡಿ ಮಾಡಿದರೆ ಎರಡು. ಮೊದಲ ಫ್ಯಾನ್ ಕೊಟ್ಟ ಲಾಭವನ್ನು ಮೂರನೆಯದು ಕೊಡುವುದಿಲ್ಲ, ಐದಾರು ಫ್ಯಾನ್ ತುಂಬುವುದು ಹೆಚ್ಚಾಗಿ ಅಲಂಕಾರಕ್ಕೆ. ಫ್ಯಾನಿನ ಡಬ್ಬದ ಮೇಲೆ ಸಿಎಫ್‌ಎಂ ಎಂದು ಬರೆದಿರುತ್ತಾರೆ. ಒಂದು ಸಿಎಫ್‌ಎಂ ಎಂದರೆ ಸೆಕೆಂಡಿಗೆ ಅರ್ಧ ಲೀಟರಿಗೆ ತುಸು ಕಡಿಮೆ. ಅದು ಎದುರಿಗೆ ಅಡ್ಡಿಯಿಲ್ಲದಾಗಿನ ಅಂಕಿ, ಪೆಟ್ಟಿಗೆಗೆ ಕೂರಿಸಿದ ಮೇಲೆ ಅದಕ್ಕಿಂತ ಬಹಳ ಕಡಿಮೆ ಸಿಗುತ್ತದೆ.

ಇಲ್ಲಿ ಖರ್ಚಿಲ್ಲದೆ ಆಗುವ ಕೆಲಸ ಒಂದಿದೆ. ನಮ್ಮಲ್ಲಿ ಮಾರುವ ಪ್ಲೈವುಡ್ ಕಂಪ್ಯೂಟರ್ ಟೇಬಲ್‌ಗಳಲ್ಲಿ ಕ್ಯಾಬಿನೆಟ್ ಇಡಲೆಂದೇ ಒಂದು ಗೂಡು ಮಾಡಿರುತ್ತಾರೆ, ಕೆಲವಕ್ಕೆ ಬಾಗಿಲು ಕೂಡ. ಅದರ ಮೇಲೆ ಧೂಳು ಬೀಳದಂತೆ ಬಟ್ಟೆಯ ಹೊದಿಕೆ. ಹಿಂಬದಿಯಿಂದ ಹೊರಬಿದ್ದ ಬಿಸಿಗಾಳಿ ಗೂಡಿನಲ್ಲೇ ಸುತ್ತಿ ಮತ್ತೆ ಮುಂದಿನಿಂದ ಒಳಹೋಗುತ್ತದೆ. ಪೆಟ್ಟಿಗೆಯನ್ನು ಹೊರಗೆಳೆದು, ನೆಲದಿಂದ ಅರ್ಧ ಅಡಿ ಎತ್ತರಿಸಿ, ಹಿಂಬದಿಗೂ ಗೋಡೆಗೂ ಒಂದು ಗೇಣು ಬಿಟ್ಟರೆ ದುಡ್ಡು ಕೊಟ್ಟು ತಂದ ಎಷ್ಟೋ ಕೂಲರ್‌ಗಳಿಗಿಂತ ಹೆಚ್ಚು ಇಳಿಯಬಹುದು.

ಕೂಲರ್‌ಗೆ ಹೊರಗಿನ ಗಾಳಿಯನ್ನು ನೇರ ತಂದುಕೊಡುವ ರಟ್ಟಿನ ಕೊಳವೆಯನ್ನೂ ಯಾರೂ ಹಗುರವಾಗಿ ನೋಡಬಾರದು. ಪೆಂಟಿಯಂ 4ರ ಕಾಲದಲ್ಲಿ ಇಂಟೆಲ್ ಕ್ಯಾಬಿನೆಟ್ ತಯಾರಕರಿಗೆಂದೇ ಒಂದು ಮಾರ್ಗಸೂಚಿ ಮಾಡಿತ್ತು. ಪ್ರೊಸೆಸರ್‌ನ ಫ್ಯಾನಿಗೆ ಸಿಗುವ ಗಾಳಿ 38 ಡಿಗ್ರಿ ಮೀರಬಾರದು, ಅದಕ್ಕಾಗಿ ಪಕ್ಕದ ಬಾಗಿಲಿನಿಂದ ಕೂಲರ್‌ನ ನೆತ್ತಿಯವರೆಗೆ ಒಂದು ಪ್ಲಾಸ್ಟಿಕ್ ಕೊಳವೆ ಇರಬೇಕು ಎಂಬುದು ಅದರ ತಿರುಳು. ಆ ಕೊಳವೆಯ ಮೂಲಕ ಕೂಲರ್ ಪೆಟ್ಟಿಗೆಯ ಬಿಸಿಗಾಳಿಯನ್ನು ಬಿಟ್ಟು ಕೋಣೆಯ ಗಾಳಿಯನ್ನೇ ನೇರ ಕುಡಿಯುತ್ತದೆ. ಇದನ್ನು ಮನೆಯಲ್ಲೇ ಮಾಡಬಹುದು: ಕೂಲರ್‌ನ ಫ್ಯಾನಿನ ಸುತ್ತಳತೆಗೆ ದಪ್ಪ ರಟ್ಟು ಅಥವಾ ಎಕ್ಸ್‌ರೇ ಹಾಳೆಯನ್ನು ಸುರುಳಿ ಸುತ್ತಿ, ಬಾಗಿಲಿನ ಜಾಲರಿಗೂ ಫ್ಯಾನಿಗೂ ನಡುವಿನ ಅಂತರ ತುಂಬುವಂತೆ ಅಂಟಿಸಿ. ಫ್ಯಾನಿನ ಎಲೆಗೆ ತಾಗದಂತೆ ಕೆಲವು ಮಿಲಿಮೀಟರ್ ಬಿಟ್ಟರಾಯಿತು. ಗಾಳಿಯನ್ನು ಕೆಳಕ್ಕೆ ಊದುವ ದುಂಡನೆಯ ಕೂಲರ್‌ಗಳಿಗೆ ಇದಕ್ಕಿಂತ ಒಳ್ಳೆಯ ಮಾರ್ಪಾಡನ್ನು ನಾನು ಕಂಡಿಲ್ಲ. ಕೋಣೆಯೇ 38 ಡಿಗ್ರಿ ದಾಟುವ ಊರುಗಳಲ್ಲಂತೂ ಪೆಟ್ಟಿಗೆ ಸೇರಿಸುವ ಎಂಟು ಡಿಗ್ರಿಯನ್ನು ತಪ್ಪಿಸುವುದೇ ದೊಡ್ಡ ಗೆಲುವು.

ಬಾಗಿಲಿಗೆ ಜಾಲರಿಯೇ ಇಲ್ಲದಿದ್ದರೆ ತೂತು ಕೊರೆಯಬೇಕು. 120 ಮಿಲಿಮೀಟರ್ ಫ್ಯಾನಿನ ಸ್ಕ್ರೂ ತೂತುಗಳ ನಡುವಿನ ಅಂತರ 105 ಮಿಲಿಮೀಟರ್, 92ರದ್ದಕ್ಕೆ 82.5, 80ರದ್ದಕ್ಕೆ 71.5. ಬಾಗಿಲನ್ನು ಪೂರ್ತಿ ಕಳಚಿ, ಕಂಪ್ಯೂಟರಿನಿಂದ ದೂರ ಒಯ್ದು, ಹೋಲ್ ಸಾ ಅಥವಾ ತಗಡು ಕತ್ತರಿಯಿಂದ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ರಬ್ಬರ್ ಬೀಡಿಂಗ್ ಕೂರಿಸಿ. ಲೋಹದ ಒಂದೇ ಒಂದು ಚೂರು ಮದರ್‌ಬೋರ್ಡಿನ ಮೇಲೆ ಬಿದ್ದರೂ ಅಪಾಯ. ಹಿಂಬದಿಯಲ್ಲಿ ಕೊರೆಯುವ ಕೆಲಸಕ್ಕೆ ಬೋರ್ಡನ್ನೇ ಹೊರತೆಗೆಯಬೇಕು. ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಹಿಂದಿನ ಫ್ಯಾನಿನ ಮುಂದೆ ತಗಡಿನಲ್ಲೇ ಒತ್ತಿದ ಜಾಲರಿಯಿರುತ್ತದೆ, ಅದರಲ್ಲಿ ತೂತಿಗಿಂತ ತಗಡೇ ಹೆಚ್ಚು. ಅದನ್ನು ಕತ್ತರಿಸಿ ತಂತಿಯ ಗ್ರಿಲ್ ಹಾಕಿದರೆ ಗಾಳಿಯೂ ಸಲೀಸು, ಸದ್ದೂ ಕಡಿಮೆ. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವಕ್ಕೆ ಅಪಾಯವಾಗುವ ವೋಲ್ಟೇಜ್ ಉಳಿದಿರುತ್ತದೆ.

ಒಳಗೆ ತಳ್ಳುವ ಫ್ಯಾನ್‌ಗಳು ಹೊರಗೆ ಎಳೆಯುವವಕ್ಕಿಂತ ತುಸು ಹೆಚ್ಚಿದ್ದರೆ ಸಂದುಗಳಿಂದ ಗಾಳಿ ಹೊರಕ್ಕೆ ಬರುತ್ತದೆ, ಧೂಳು ಫಿಲ್ಟರಿನ ಮೂಲಕ ಮಾತ್ರ ಬರಬೇಕಾಗುತ್ತದೆ. ಫಿಲ್ಟರಿಗೆ ನೈಲಾನ್ ಸೊಳ್ಳೆ ಪರದೆಯ ತುಂಡು ಸಾಕು. ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಅದೇ ಹೊಸ ತಡೆಯಾಗುತ್ತದೆ.

ಹುಟ್ಟುವ ಶಾಖವನ್ನೇ ಇಳಿಸುವುದು

ಇದು ಕೂಲಿಂಗ್ ಅಲ್ಲ ಎನ್ನಬಹುದು, ಆದರೂ ಬಿಟ್ಟರೆ ಲೇಖನ ಅಪೂರ್ಣ. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೋಲ್ಟೇಜಿನ ವರ್ಗದೊಂದಿಗೆ ಏರುತ್ತದೆ. ವೋಲ್ಟೇಜ್ ಹತ್ತು ಶೇಕಡ ಇಳಿಸಿದರೆ ಅದೇ ವೇಗದಲ್ಲಿ ಶಾಖ 19 ಶೇಕಡ ಇಳಿಯುತ್ತದೆ. ಕಾರ್ಖಾನೆಯವರು ಎಲ್ಲ ಚಿಪ್ಪುಗಳಿಗೂ ಹೊಂದುವಂತೆ ವೋಲ್ಟೇಜನ್ನು ತುಸು ಹೆಚ್ಚೇ ಇಟ್ಟಿರುತ್ತಾರೆ, ನಿಮ್ಮ ಚಿಪ್ಪಿಗೆ ಅಷ್ಟು ಬೇಕಿರುವುದಿಲ್ಲ. ರೈಜನ್‌ನಲ್ಲಿ ಬಯಾಸ್‌ನ ಕರ್ವ್ ಆಪ್ಟಿಮೈಸರ್ ಅಥವಾ ಎಕೊ ಮೋಡ್, ಇಂಟೆಲ್‌ನಲ್ಲಿ ಎಕ್ಸ್‌ಟಿಯು ತಂತ್ರಾಂಶ. ಸ್ವಲ್ಪಸ್ವಲ್ಪವೇ ಇಳಿಸಿ, ಪ್ರತಿ ಸಲವೂ ಹೊರೆ ಹಾಕಿ ಪರೀಕ್ಷಿಸಿ, ಕಂಪ್ಯೂಟರ್ ಸ್ತಬ್ಧವಾದರೆ ಒಂದು ಹೆಜ್ಜೆ ಹಿಂದೆ ಬನ್ನಿ. 2019ರಲ್ಲಿ ‘ಪ್ಲಂಡರ್‌ವೋಲ್ಟ್’ ಎಂಬ ಭದ್ರತಾ ದೋಷ ಬಯಲಾದ ಮೇಲೆ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವೋಲ್ಟೇಜ್ ಇಳಿಸುವ ಈ ಬಾಗಿಲು ಮುಚ್ಚಿದೆ. ಅಂಥವುಗಳಲ್ಲಿ ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 99 ಶೇಕಡ ಮಾಡಿದರೆ ಸಾಮಾನ್ಯವಾಗಿ ಟರ್ಬೊ ನಿಂತು ಬಿಸಿ ಗಣನೀಯವಾಗಿ ಇಳಿಯುತ್ತದೆ. ಬರವಣಿಗೆ, ಲೆಕ್ಕಪತ್ರದಂಥ ಕೆಲಸಕ್ಕೆ ವೇಗದ ಕೊರತೆ ಗೊತ್ತೇ ಆಗುವುದಿಲ್ಲ.

ನೀರು, ಫ್ರಿಜ್, ಪೆಲ್ಟಿಯರ್

1998ರ ಸೆಲೆರಾನ್ 300ಎ ಪ್ರೊಸೆಸರನ್ನು 300ರಿಂದ 450 ಮೆಗಾಹರ್ಟ್ಸ್‌ಗೆ ಏರಿಸಿದ ಹುರುಪಿನಲ್ಲಿ ಅಮೆರಿಕ, ಯುರೋಪಿನ ಹವ್ಯಾಸಿಗಳು ಅಕ್ವೇರಿಯಂ ಪಂಪು, ಕಾರಿನ ಹೀಟರ್‌ನ ರೇಡಿಯೇಟರ್, ಕೈಯಲ್ಲೇ ಕೊರೆದ ತಾಮ್ರದ ದಿಮ್ಮಿ ಸೇರಿಸಿ ನೀರಿನ ಕೂಲಿಂಗ್ ಕಟ್ಟಿದರು. ಇಂದಿನ ಸಿದ್ಧ ನೀರಿನ ಕೂಲರ್‌ಗಳೆಲ್ಲ ಆ ಗ್ಯಾರೇಜುಗಳ ಸಂತಾನ. ನೀವೂ ಕಟ್ಟುವುದಾದರೆ ಎರಡು ನಿಯಮ: ತಾಮ್ರ ಮತ್ತು ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ಸೇರಬಾರದು, ಬ್ಯಾಟರಿಯಂತೆ ಒಂದು ಇನ್ನೊಂದನ್ನು ತಿನ್ನುತ್ತದೆ; ಬೋರ್‌ವೆಲ್ ನೀರು ಮುಟ್ಟಬೇಡಿ, ಡಿಸ್ಟಿಲ್ಡ್ ವಾಟರ್‌ಗೆ ಪಾಚಿ ಕಟ್ಟದ ದ್ರಾವಣ ಬೆರೆಸಿ. ಸಿದ್ಧ ಕೂಲರ್ ಆದರೆ ಪಂಪು ಎಲ್ಲಕ್ಕಿಂತ ಮೇಲೆ ಬರದಂತೆ ಕೂರಿಸಿ. ಒಳಗಿನ ಗಾಳಿ ಗುಳ್ಳೆ ಅತಿ ಎತ್ತರದ ಜಾಗಕ್ಕೆ ಸೇರುತ್ತದೆ, ಅಲ್ಲಿ ಪಂಪಿದ್ದರೆ ಅದು ಒಣಗಿ ಸವೆಯುತ್ತದೆ. ನೀರು ಶಾಖವನ್ನು ಸಾಗಿಸುತ್ತದೆ ಅಷ್ಟೆ, ಕೊನೆಗೆ ಅದನ್ನೂ ಕೋಣೆಯ ಗಾಳಿಗೇ ಬಿಡಬೇಕು. ಹಾಗಾಗಿ ಕೋಣೆಗಿಂತ ತಂಪು ಯಾವ ನೀರಿನ ಕೂಲರ್‌ನಿಂದಲೂ ಆಗದು. 65 ವ್ಯಾಟ್‌ನ ಪ್ರೊಸೆಸರ್‌ಗೆ ಇದರ ಅಗತ್ಯ ನನಗೆ ಕಾಣುವುದಿಲ್ಲ.

ಕಂಪ್ಯೂಟರನ್ನು ಫ್ರಿಜ್ಜಿನಲ್ಲಿ ಇಟ್ಟರೆ ಎಂಬ ಪ್ರಶ್ನೆ ಪದೇ ಪದೇ ಬರುತ್ತದೆ. ಮನೆಯ ಫ್ರಿಜ್ ಇರುವುದು ಒಮ್ಮೆ ತಣಿದದ್ದನ್ನು ತಣ್ಣಗೆ ಕಾಪಾಡಲು. ಒಳಗೇ 200 ವ್ಯಾಟ್ ಶಾಖ ಸದಾ ಹುಟ್ಟುತ್ತಿದ್ದರೆ ಕಂಪ್ರೆಸರ್ ನಿಲ್ಲದೆ ಓಡಿ ಸೋಲುತ್ತದೆ. ಕರೆಂಟ್ ಹರಿಸಿದಾಗ ಒಂದು ಮಗ್ಗುಲು ತಣ್ಣಗಾಗಿ ಇನ್ನೊಂದು ಬಿಸಿಯಾಗುವ ಪೆಲ್ಟಿಯರ್ ಬಿಲ್ಲೆಯ ಕಥೆಯೂ ಇಷ್ಟೇ. ಅಂಗಡಿಯಲ್ಲಿ ಸಿಗುವ 12706 ನಂಬರಿನ ಬಿಲ್ಲೆ ತಾನೇ 50–60 ವ್ಯಾಟ್ ತಿನ್ನುತ್ತದೆ, ಅದನ್ನೂ ಪ್ರೊಸೆಸರ್‌ನ ಶಾಖವನ್ನೂ ಸೇರಿಸಿ ಬಿಸಿ ಮಗ್ಗುಲಿನಿಂದ ಹೊರಹಾಕಲು ಇನ್ನೂ ದೊಡ್ಡ ಹೀಟ್‌ಸಿಂಕ್ ಬೇಕು. ಎರಡರಲ್ಲೂ ಇನ್ನೊಂದು ಅಪಾಯ ಇಬ್ಬನಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಗಾಳಿಯ ಇಬ್ಬನಿ ಬಿಂದು 24–25 ಡಿಗ್ರಿಯ ಆಸುಪಾಸು. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯಾದರೂ ಬೆವರುತ್ತದೆ, ಆ ಹನಿ ಇಳಿಯುವುದು ಬೋರ್ಡಿಗೆ. ಬಯಲುಸೀಮೆಯ ಒಣ ಬೇಸಿಗೆಯಲ್ಲಿ ಕೋಣೆಗೆ ಏರ್‌ ಕೂಲರ್ ಹಾಕಿದರೆ ಒಳ್ಳೆಯದೇ, ಕೋಣೆ ಇಳಿದಷ್ಟೂ ಪ್ರೊಸೆಸರ್ ಇಳಿಯುತ್ತದೆ. ಅದರ ಬಾಯಿ ಮಾತ್ರ ನೇರ ಕಂಪ್ಯೂಟರಿನತ್ತ ತಿರುಗಿರಬಾರದು.

ಲ್ಯಾಪ್‌ಟಾಪ್ ಇದ್ದವರಿಗೆ

ಇಲ್ಲಿ ಜಾಗ ಕಡಿಮೆ, ನಿಯಮ ಅದೇ. ಹಿಂಬದಿಯನ್ನು ಎರಡು ಬೆರಳು ಎತ್ತರಿಸಿ ಅಳೆಯಿರಿ. ಬಹಳ ಇಳಿದರೆ ತಳದ ಗಾಳಿಕಿಂಡಿಗೆ ಉಸಿರು ಸಾಲುತ್ತಿಲ್ಲ. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸುವುದನ್ನು ಬಿಡಿ. ಇಳಿಯದಿದ್ದರೆ ತಳದ ಮುಚ್ಚಳ ತೆಗೆದು, ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಫ್ಯಾನ್ ಗಾಳಿ ಹೊರಬಿಡುವ ಬಾಯಲ್ಲಿ ಕೂತ ಧೂಳಿನ ಪಟ್ಟಿ ತೆಗೆಯಿರಿ. ಲ್ಯಾಪ್‌ಟಾಪಿನ ಚಿಪ್ಪಿಗೆ ಮುಚ್ಚಳವಿಲ್ಲ, ಅದು ಬಿಸಿಯಾಗಿ ತಣಿಯುವ ಪ್ರತಿ ಸುತ್ತಿನಲ್ಲೂ ಸಾದಾ ಪೇಸ್ಟ್ ಸ್ವಲ್ಪಸ್ವಲ್ಪ ಅಂಚಿಗೆ ತಳ್ಳಲ್ಪಡುತ್ತದೆ. ಅದಕ್ಕೇ ಹಲವರು ಈಗ ಹನಿವೆಲ್‌ನ ಪಿಟಿಎಂ7950 ಹಾಳೆ ಬಳಸುತ್ತಾರೆ; ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಸಂದು ತುಂಬುತ್ತದೆ, ಜಾರಿ ಹೋಗುವುದಿಲ್ಲ. ಪಕ್ಕದ ಚಿಪ್ಪುಗಳ ಮೇಲಿನ ಮೆತ್ತನೆಯ ಥರ್ಮಲ್ ಪ್ಯಾಡ್ ಹರಿದಿದ್ದರೆ ಅದೇ ದಪ್ಪದ್ದನ್ನೇ ತರಬೇಕು. ಒಂದು ಮಿಲಿಮೀಟರ್ ಇದ್ದ ಕಡೆ ಒಂದೂವರೆಯದು ಹಾಕಿದರೆ ಹೀಟ್‌ಸಿಂಕ್ ಎತ್ತಿಹಿಡಿದಂತಾಗಿ ಪ್ರೊಸೆಸರ್ ಮೇಲಿನ ಹಿಡಿತವೇ ತಪ್ಪುತ್ತದೆ. ಮುಚ್ಚಳ ತೆಗೆದಾಗ ಬ್ಯಾಟರಿ ಉಬ್ಬಿರುವುದು ಕಂಡರೆ ಕೂಲಿಂಗ್ ಕೆಲಸ ಅಲ್ಲಿಗೇ ನಿಲ್ಲಿಸಿ, ಅದನ್ನು ಚುಚ್ಚದೆ, ಒತ್ತದೆ, ಮೊದಲು ಬ್ಯಾಟರಿ ಬದಲಿಸಿ.